ಕೊಟ್ಟು ತಗೊಳ್ಳುವವರ ಊರಲ್ಲಿ ನಾಲ್ಕು ದಿನ

ಮೊದಲ ದಿನ: ಹೊಳೆಬದಿಯ ಅತ್ತಿ ಮರ

ತಾಳಗುಪ್ಪದ ರೈಲು ಬೆಳಗ್ಗೆ ಕೊನೆಯ ಸ್ಟೇಷನ್ನಿಗೆ ಬಂದಾಗ ಮಾವ ಪ್ಲಾಟ್‌ಫಾರ್ಮಿನಲ್ಲೇ ನಿಂತಿದ್ದರು. "ಎಂತ ತಮಾ, ನಿದ್ದೆ ಬಂತಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಮಗಳ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡರು. ಅಲ್ಲಿಂದ ಸಿದ್ದಾಪುರದ ಕಡೆ ಅವರ ಮನೆಗೆ ಅರ್ಧ ಗಂಟೆಯ ದಾರಿ. ಯುಗಾದಿ ಕಳೆದು ಹತ್ತು ದಿನ ಆಗಿತ್ತು. ಬೇಣದ ಹುಲ್ಲು ಒಣಗಿತ್ತು, ತೋಟ ಮಾತ್ರ ಹಸಿರಾಗಿತ್ತು.

ಈ ಪ್ರವಾಸ ಹುಟ್ಟಿದ್ದು ಮಗಳ ಏಳನೇ ಕ್ಲಾಸಿನ ಪಾಠದಿಂದ. ಒಂದಕ್ಕೊಂದು ಉಪಕಾರ ಮಾಡಿಕೊಂಡು ಬದುಕುವ ಜೀವಿಗಳ ಬಗ್ಗೆ ಅದರಲ್ಲಿ ಎರಡೇ ಪ್ಯಾರಾ ಇತ್ತು. ಚಿತ್ರ ಆಫ್ರಿಕಾದ್ದು: ಖಡ್ಗಮೃಗ, ಅದರ ಬೆನ್ನ ಮೇಲೊಂದು ಹಕ್ಕಿ. "ಅಪ್ಪ, ನಮ್ಮ ಕಡೆ ಇಂಥದ್ದು ಇಲ್ವಾ?" ಅಂದಳು. ಇಲ್ಲದೆ ಏನು! ನಮ್ಮ ಮಲೆನಾಡು ನಿಂತಿರುವುದೇ ಇದರ ಮೇಲೆ. ಬಾಯಲ್ಲಿ ಹೇಳಿದರೆ ಸಾಲದು, ತೋರಿಸಬೇಕು ಅನಿಸಿತು.

ಅತ್ತೆ ಮಾಡಿದ ತೆಳ್ಳೇವು, ಜೋನಿ ಬೆಲ್ಲ ತಿಂದು ಹೊಳೆಗೆ ಹೊರಟೆವು. ಹೊಳೆ ಅಂದರೆ ಈಗ ಮೊಣಕಾಲುದ್ದದ ನೀರು. ದಡದಲ್ಲಿ ದೊಡ್ಡ ಅತ್ತಿ ಮರ. ಕಾಂಡದ ಮೇಲೆ ಬುಡದಿಂದಲೇ ಗೊಂಚಲು ಗೊಂಚಲು ಕಾಯಿ. ಅತ್ತಿ ಹೂ ಕಂಡವರಿಲ್ಲ ಅಂತ ನಮ್ಮಜ್ಜಿ ಹೇಳುತ್ತಿದ್ದರು. ಅದನ್ನು ಕಂಡವರಿಗೆ ಭಾಗ್ಯ ಬರುತ್ತದೆ ಅಂತಲೂ ಹೇಳುತ್ತಿದ್ದರು. ನಾನು ಒಂದು ಕಾಯಿ ಕಿತ್ತು, ಚಾಕುವಿನಿಂದ ಎರಡು ಹೋಳು ಮಾಡಿ ಮಗಳ ಕೈಗೆ ಕೊಟ್ಟೆ. "ಇದೇ ಹೂವು. ಒಂದಲ್ಲ, ನೂರಾರು."

ಅತ್ತಿ ಕಾಯಿ ಅನ್ನುವುದು ಒಳಮುಖವಾಗಿ ಮಡಚಿಕೊಂಡ ಹೂಗೊಂಚಲು. ಒಳಗಡೆ ಗೋಡೆಗೆ ಅಂಟಿಕೊಂಡು ಒತ್ತೊತ್ತಾಗಿ ಪುಟ್ಟ ಪುಟ್ಟ ಹೂಗಳು. ಹೊರಗಿನಿಂದ ಬರಲು ಇರುವುದು ಒಂದೇ ಬಾಗಿಲು, ಕಾಯಿಯ ತುದಿಯಲ್ಲಿರುವ ಸಣ್ಣ ರಂಧ್ರ. ಅದಕ್ಕೂ ಒಂದರ ಮೇಲೊಂದು ಸಿಪ್ಪೆಯ ಮುಚ್ಚಳ. ಜೇನುನೊಣ ಅಲ್ಲಿ ನುಗ್ಗಲಾರದು, ಚಿಟ್ಟೆಯಂತೂ ಸಾಧ್ಯವೇ ಇಲ್ಲ. ಎರಡು ಮಿಲಿಮೀಟರ್ ಉದ್ದದ ಒಂದು ಕಣಜಕ್ಕೆ ಮಾತ್ರ ಅಲ್ಲಿ ದಾರಿ. ಹೂ ತಯಾರಾದಾಗ ಕಾಯಿ ಒಂದು ವಾಸನೆ ಬಿಡುತ್ತದೆ. ಅದನ್ನು ಹಿಡಿದು ಹೆಣ್ಣು ಕಣಜ ಬರುತ್ತದೆ. ತಲೆ ತೂರಿಸಿ ನುಗ್ಗುವಾಗ ಅದರ ರೆಕ್ಕೆ ಮುರಿದು ಬೀಳುತ್ತದೆ. ಮೀಸೆಯ ತುದಿಯೂ ಹೋಗುತ್ತದೆ. ಮತ್ತೆ ಹೊರಗೆ ಬರುವ ಮಾತಿಲ್ಲ. ಎದೆಯ ಎರಡು ಬದಿಗೆ ಜೇಬಿನಂಥ ಗುಳಿ, ಅದರಲ್ಲಿ ತಾನು ಹುಟ್ಟಿದ ಮರದ ಪರಾಗ. ಅದನ್ನು ಕಾಲಿನಿಂದ ತೆಗೆದು ಹೂಗಳಿಗೆ ಸವರುತ್ತದೆ. ಕೆಲವು ಹೂಗಳಲ್ಲಿ ಮೊಟ್ಟೆ ಇಡುತ್ತದೆ. ಅಲ್ಲೇ ಸಾಯುತ್ತದೆ.

ಪರಾಗ ಸಿಕ್ಕ ಹೂವು ಬೀಜ ಕಟ್ಟುತ್ತದೆ, ಮೊಟ್ಟೆ ಸಿಕ್ಕ ಹೂವು ಕಣಜದ ಮರಿಗೆ ತೊಟ್ಟಿಲಾಗುತ್ತದೆ. ಮರ ತನ್ನ ಬೀಜದ ಒಂದು ಪಾಲನ್ನೇ ಕೂಲಿಯಾಗಿ ಕೊಡುತ್ತಿದೆ. ನಾನು ಇದನ್ನು ಎಷ್ಟೋ ಸಲ ಓದಿದ್ದೇನೆ. ಆದರೂ ಅರ್ಧ ಕಾಯಿ ಕೈಯಲ್ಲಿ ಹಿಡಿದಾಗ ಮೈ ಜುಮ್ಮೆನ್ನುತ್ತದೆ.

ಅದೃಷ್ಟಕ್ಕೆ ಇನ್ನೊಂದು ಗೊಂಚಲು ಸರಿಯಾದ ಹದಕ್ಕೆ ಬಂದಿತ್ತು. ಒಂದು ಕಾಯಿಯ ಮೇಲೆ ಸೂಜಿ ಚುಚ್ಚಿದಂಥ ತೂತು. ಭೂತಗನ್ನಡಿ ಹಿಡಿದೆವು. ತೂತಿನಿಂದ ಕಪ್ಪಗಿನ ಒಂದು ಚುಕ್ಕೆ ಈಚೆ ಬಂತು. ಹೊಸ ರೆಕ್ಕೆ ಬಿಡಿಸಿತು. ಹಾರಿತು. ಅದರ ಹಿಂದೆ ಇನ್ನೊಂದು. ಆ ತೂತು ಕೊರೆದದ್ದು ಗಂಡು ಕಣಜಗಳು. ಅವಕ್ಕೆ ರೆಕ್ಕೆಯೇ ಇರುವುದಿಲ್ಲ. ಮೊದಲು ಹುಟ್ಟಿ, ಹೆಣ್ಣುಗಳ ಜೊತೆ ಕೂಡಿ, ಅವು ಹೊರಗೆ ಹೋಗಲು ಸುರಂಗ ತೋಡಿ ಸತ್ತು ಹೋಗುತ್ತವೆ. ಅದೇ ಹೊತ್ತಿಗೆ ಕಾಯಿಯೊಳಗಿನ ಗಂಡು ಹೂಗಳೂ ಅರಳಿರುತ್ತವೆ. ಹೊರಡುವ ಹೆಣ್ಣುಗಳು ಜೇಬು ತುಂಬಿಕೊಂಡೇ ಹೋಗುತ್ತವೆ. ಅವುಗಳ ಆಯಸ್ಸು ಒಂದೆರಡು ದಿನ. ಅಷ್ಟರಲ್ಲಿ ಸರಿಯಾದ ಹದದಲ್ಲಿರುವ ಇನ್ನೊಂದು ಅತ್ತಿ ಮರ ಸಿಗಬೇಕು. ನಮೀಬಿಯಾದಲ್ಲಿ ನಮ್ಮ ಅತ್ತಿಯ ನೆಂಟ ಮರವೊಂದರ ಕಣಜಗಳು ಗಾಳಿಯ ಜೊತೆ 160 ಕಿ.ಮೀ.ವರೆಗೆ ಪರಾಗ ಹೊತ್ತದ್ದನ್ನು ವಿಜ್ಞಾನಿಗಳು ಪತ್ತೆ ಮಾಡಿದ್ದಾರೆ. ಎರಡು ಮಿಲಿಮೀಟರ್ ಹುಳ!

ತೂತಿನ ಪಕ್ಕದಲ್ಲೇ ಕೆಂಪು ಚಗಳಿ ಇರುವೆ ಕಾದು ಕೂತಿತ್ತು. ಮೂರನೇ ಕಣಜವನ್ನು ಕಚ್ಚಿಕೊಂಡು ಹೋಯಿತು. "ಅಯ್ಯೋ, ಮೋಸ!" ಅಂದಳು ಮಗಳು. ಅಷ್ಟು ಸರಳ ಅಲ್ಲ. ಪರಾಗ ತರದೆ, ಕಾಯಿಯ ಹೊರಗಿನಿಂದಲೇ ಉದ್ದನೆಯ ಸೂಜಿ ಚುಚ್ಚಿ ಮೊಟ್ಟೆ ಇಡುವ ಕಳ್ಳ ಕಣಜಗಳೂ ಇವೆ. ಇರುವೆಗಳ ಓಡಾಟ ಇದ್ದಲ್ಲಿ ಅವುಗಳ ಆಟ ಜಾಸ್ತಿ ನಡೆಯುವುದಿಲ್ಲ. ಮರ ತಾನೂ ಸುಮ್ಮನೆ ಇರುವುದಿಲ್ಲ. ಅತ್ತಿಯ ಬಳಗದ ಕೆಲವು ಮರಗಳಲ್ಲಿ, ಪರಾಗ ತರದೆ ಮೊಟ್ಟೆ ಮಾತ್ರ ಇಟ್ಟ ಕಾಯಿಯನ್ನು ಮರ ಉದುರಿಸಿಬಿಡುತ್ತದೆ. ಕೆಲಸ ಮಾಡದವರಿಗೆ ಕೂಲಿ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಮ್ಮ ಇದೇ ಅತ್ತಿ, ಇದೇ ಕಣಜ, ಇದೇ ಇರುವೆಗಳ ಬಗ್ಗೆ ವರ್ಷಗಟ್ಟಲೆ ಕೆಲಸ ನಡೆದಿದೆ.

ಮಾವ ಎಲ್ಲ ಕೇಳಿಸಿಕೊಂಡು ನಿಂತಿದ್ದರು. ಎಪ್ಪತ್ತು ವರ್ಷದಿಂದ ಆ ಮರದ ಕೆಳಗೇ ಓಡಾಡಿದವರು. ಭೂತಗನ್ನಡಿ ಇಸಿದುಕೊಂಡು ತುಂಬಾ ಹೊತ್ತು ನೋಡಿದರು. "ಹಣ್ಣಲ್ಲಿ ಹುಳ ಅಂತ ಬಿಸಾಕ್ತಾ ಇದ್ವಲ್ಲ ತಮಾ" ಅಂದರು.

ಎರಡನೇ ದಿನ: ವೆನಿಲ್ಲಾ ಬಳ್ಳಿಯ ಕೆಳಗೆ

ಬೆಳಗ್ಗೆ ಆರೂವರೆಗೇ ಮಾವ ಎಬ್ಬಿಸಿದರು. "ಕೂಸೇ, ತೋಟಕ್ಕೆ ಹೋಪನಾ? ಹೊತ್ತಾದ್ರೆ ಹೂ ಬಾಡ್ತು."

ಮಾವನ ಅಡಿಕೆ ತೋಟದ ಅಂಚಿನಲ್ಲಿ ಇನ್ನೂ ಒಂದಿಷ್ಟು ವೆನಿಲ್ಲಾ ಉಳಿದಿದೆ. ಇಪ್ಪತ್ತು ವರ್ಷದ ಹಿಂದೆ ಈ ಕಡೆ ವೆನಿಲ್ಲಾದ ಹುಚ್ಚೇ ಹಿಡಿದಿತ್ತು. ಹಸಿ ಕೋಡಿಗೆ ಕೆ.ಜಿ.ಗೆ ಸಾವಿರಗಟ್ಟಲೆ ರೂಪಾಯಿ. ರಾತ್ರಿ ತೋಟಕ್ಕೆ ಕಾವಲು ಕೂರುತ್ತಿದ್ದರು. ಆಮೇಲೆ ರೇಟು ಪಾತಾಳಕ್ಕೆ ಬಿತ್ತು. ಬಹಳ ಜನ ಬಳ್ಳಿ ಕಿತ್ತು ಹಾಕಿದರು. ಮಾವ ಕೀಳಲಿಲ್ಲ.

ಹೂವು ತಿಳಿ ಹಸಿರು ಹಳದಿ. ಒಂದು ಗೊಂಚಲಲ್ಲಿ ದಿನಕ್ಕೆ ಒಂದೋ ಎರಡೋ ಅರಳುತ್ತದೆ. ಬೆಳಗ್ಗೆ ಅರಳಿದ್ದು ಮಧ್ಯಾಹ್ನದೊಳಗೆ ಬಾಡುತ್ತದೆ. ಅಷ್ಟರಲ್ಲಿ ಪರಾಗ ಮುಟ್ಟದಿದ್ದರೆ ಎರಡು ಮೂರು ದಿನದಲ್ಲಿ ಉದುರಿ ಬೀಳುತ್ತದೆ. ಹತ್ತು ಮಾರು ದೂರದಲ್ಲೇ ಮಾವನ ಎರಡು ತುಡುವೆ ಜೇನು ಪೆಟ್ಟಿಗೆ. ಮನೆ ಗೋಡೆಯ ಸಂದಿನಲ್ಲಿ ಮಿಸ್ರಿ ಜೇನಿನ ಗೂಡು. ಏಲಕ್ಕಿ ಹೂ ಬಿಟ್ಟಾಗ ಜೇನು ಬಾರದಿದ್ದರೆ ಕಾಯಿ ಕಟ್ಟುವುದಿಲ್ಲ ಅನ್ನುವುದು ಮಾವನಿಗೆ ಚೆನ್ನಾಗಿ ಗೊತ್ತು. 1990ರ ದಶಕದ ಶುರುವಿನಲ್ಲಿ ರೋಗ ಬಂದು ದಕ್ಷಿಣ ಭಾರತದ ತುಡುವೆ ಕುಟುಂಬಗಳು ಸಾಲು ಸಾಲಾಗಿ ಸತ್ತಾಗ ಅವರ ಪೆಟ್ಟಿಗೆಗಳೂ ಖಾಲಿಯಾಗಿದ್ದವು. ಆ ವರ್ಷದ ಮಾತು ಬಂದರೆ ಅವರ ದನಿ ಈಗಲೂ ಸಣ್ಣದಾಗುತ್ತದೆ.

ಆದರೆ ಈ ಜೇನುಗಳು ವೆನಿಲ್ಲಾದ ಕೆಲಸ ಮಾಡುವುದಿಲ್ಲ. ಬಳ್ಳಿ ಮೆಕ್ಸಿಕೊ ಕಡೆಯದು. ಅದರ ಹೂವಿನೊಳಗೆ ಗಂಡು ಭಾಗಕ್ಕೂ ಹೆಣ್ಣು ಭಾಗಕ್ಕೂ ನಡುವೆ ಒಂದು ತೆಳು ಪರದೆ. ಅದನ್ನು ದಾಟಿಸುವ ವಿದ್ಯೆ ಅಲ್ಲಿಯ ಕಾಡಿನ ಜೇನುಗಳಿಗೆ ಗೊತ್ತು. ಮನುಷ್ಯ ಬಳ್ಳಿಯನ್ನು ಹಡಗಿನಲ್ಲಿ ಹೊತ್ತು ತಂದ, ಅದರ ಜೊತೆಗಾರನನ್ನು ಬಿಟ್ಟು ಬಂದ. ಹಾಗಾಗಿ ಬೇರೆ ಬೇರೆ ದೇಶಗಳಲ್ಲಿ ಬಳ್ಳಿ ಹಬ್ಬಿತು, ಹೂ ಬಿಟ್ಟಿತು, ಕೋಡು ಮಾತ್ರ ಬಿಡಲಿಲ್ಲ. 1841ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಅನ್ನುವ ಹುಡುಗ ಒಂದು ಕಡ್ಡಿ ಮತ್ತು ಹೆಬ್ಬೆರಳಿನಿಂದ ಆ ಕೆಲಸ ಮಾಡಿ ತೋರಿಸಿದ. ಅವನು ಗುಲಾಮನಾಗಿ ಹುಟ್ಟಿದವನು. ಆಗ ಅವನ ವಯಸ್ಸು 12. ಇವತ್ತಿಗೂ ತೋಟಗಳಲ್ಲಿ ನಡೆಯುವುದು ಅವನ ಕೈಚಳಕವೇ.

"ನನಗೂ ಹನ್ನೆರಡು" ಅಂದಳು ಮಗಳು.

ಮಾವ ತೆಂಗಿನ ಗರಿಯ ಕಡ್ಡಿಯನ್ನು ನಯವಾಗಿ ಕೆತ್ತಿ ಕೊಟ್ಟರು. ಎಡಗೈಯಲ್ಲಿ ಹೂವನ್ನು ಮೆತ್ತಗೆ ಹಿಡಿಯಬೇಕು. ಕೆಳಗಿನ ತುಟಿಯನ್ನು ಕಡ್ಡಿಯಿಂದ ಸರಿಸಬೇಕು. ಪರದೆಯನ್ನು ಮೇಲಕ್ಕೆ ಎತ್ತಬೇಕು. ಎತ್ತಿ ಹಿಡಿದೇ ಹೆಬ್ಬೆರಳಿನಿಂದ ಪರಾಗದ ಮುದ್ದೆಯನ್ನು ಅದರ ಕೆಳಗೆ ಒತ್ತಬೇಕು. ಅಷ್ಟೇ. ಅಷ್ಟೇ ಅನ್ನುವುದು ಮಾವನ ಕೈಗೆ. ಒಂದು ಹೂವಿಗೆ ಅವರಿಗೆ ಐದು ಸೆಕೆಂಡು ಸಾಕು. ಮಗಳ ಮೊದಲ ಹೂವು ಹರಿದು ಹೋಯಿತು. ಕಣ್ಣಲ್ಲಿ ನೀರು. "ಎಂತಾಗ್ತಿಲ್ಲೆ ಕೂಸೇ, ನಾನೂ ಮೊದಲ ದಿನ ಇಪ್ಪತ್ತು ಹರಿದಿದ್ದೆ" ಅಂದರು ಮಾವ. ಆಮೇಲೆ ಅವಳ ಕೈ ಕುದುರಿತು. ಹನ್ನೊಂದು ಹೂವು ಮುಗಿಸಿದಳು. ಪ್ರತಿಯೊಂದರ ತೊಟ್ಟಿಗೂ ಅತ್ತೆಯ ಹತ್ತಿರ ಇಸಿದುಕೊಂಡ ಕೆಂಪು ದಾರ ಕಟ್ಟಿದಳು.

ನನಗೆ ಆ ಬೆಳಗ್ಗೆ ಹೊಳೆದದ್ದು ಇದು. ಒಂದು ಸಣ್ಣ ಹುಳ ಇಲ್ಲದೆ ಹೋದರೆ ಏನಾಗುತ್ತದೆ ಎಂದು ಜನ ಕೇಳುತ್ತಾರಲ್ಲ, ಉತ್ತರ ನಮ್ಮ ತೋಟದಲ್ಲೇ ಇದೆ. ಆ ಹುಳದ ಕೆಲಸವನ್ನು ನಾವು ಮಾಡಬೇಕಾಗುತ್ತದೆ, ಪ್ರತಿ ಹೂವಿಗೆ, ಪ್ರತಿ ಬೆಳಗ್ಗೆ, ಬೆನ್ನು ಬಗ್ಗಿಸಿ.

ಮಧ್ಯಾಹ್ನ ಅಪ್ಪೆಹುಳಿ ಊಟ, ಮುರುಗಲು ಪಾನಕ, ಚಾವಡಿಯಲ್ಲಿ ನಿದ್ದೆ. ಸಂಜೆ ಅತ್ತೆ ಅಡಿಕೆ ಮರದ ಮೇಲಿನ ಬಿಳಿ ಬೂದು ಮಚ್ಚೆ ತೋರಿಸಿ, "ಇದೂ ನಿಮ್ಮ ಲೆಕ್ಕಕ್ಕೆ ಬರ್ತಾ?" ಎಂದು ಕೇಳಿದರು. ಬರುತ್ತದೆ. ಅದು ಕಲ್ಲುಹೂವಿನ ಬಳಗ. ಶಿಲೀಂಧ್ರ ಮನೆ ಕಟ್ಟುತ್ತದೆ, ಅದರೊಳಗಿನ ಪಾಚಿ ಬಿಸಿಲಿನಿಂದ ಅಡುಗೆ ಮಾಡುತ್ತದೆ. ಮಸಾಲೆಗೆ ಹಾಕುವ ಕಲ್ಲುಹೂವೂ ಹಾಗೇ ಎರಡು ಜೀವ ಸೇರಿ ಆದ ಒಂದು ಸಂಸಾರ.

ಮೂರನೇ ದಿನ: ಕತ್ತಲೆಕಾನು

ಮಾವಿನಗುಂಡಿಯಿಂದ ಹೊನ್ನಾವರದ ರಸ್ತೆ ಹಿಡಿದೆವು. ಮಲೆಮನೆ ಘಟ್ಟದ ಹತ್ತಿರ ಕತ್ತಲೆಕಾನು. ಹೆಸರಿಗೆ ತಕ್ಕ ಹಾಗೆ ಕತ್ತಲೆ. ಅನುಮತಿ ಮೊದಲೇ ತೆಗೆದುಕೊಂಡಿದ್ದೆವು. ಜೊತೆಗೆ ಅರಣ್ಯ ಇಲಾಖೆಯ ವಾಚರ್ ಒಬ್ಬರು ಬಂದರು. ಇದನ್ನು 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಎಂದು ಘೋಷಿಸಿದ್ದರು.

ರಸ್ತೆ ಬಿಟ್ಟು ಸ್ವಲ್ಪ ಕೆಳಗಿಳಿದರೆ ನೆಲ ಒದ್ದೆ. ಏಪ್ರಿಲ್ ಬಿಸಿಲಲ್ಲೂ ತಣ್ಣಗೆ ನೀರು ಹರಿಯುತ್ತಿರುತ್ತದೆ. ನೀರಿನಿಂದ ಬೇರುಗಳು ಮಂಡಿ ಮಡಚಿದ ಹಾಗೆ ಮೇಲೆದ್ದು ಮತ್ತೆ ಕೆಸರಿಗೆ ಇಳಿದಿವೆ. ಕೆಸರಲ್ಲಿ ಉಸಿರಾಡಲು ಮರ ಕಂಡುಕೊಂಡ ದಾರಿ ಅದು. ಇವು ರಾಮಪತ್ರೆಯ ಬಳಗದ ಮರಗಳು. ತೊಗಟೆ ಗಾಯವಾದರೆ ರಕ್ತದಂಥ ಕೆಂಪು ರಸ ಬರುತ್ತದೆ. ಇಂಥ ಜೌಗು ಕಾಡು ಪಶ್ಚಿಮ ಘಟ್ಟದಲ್ಲಿ ಈಗ ಅಲ್ಲೊಂದು ಇಲ್ಲೊಂದು ತುಣುಕಾಗಿ ಉಳಿದಿದೆ. ಈ ಕಾನಿನ ಹೆಸರನ್ನೇ ಹೊತ್ತ, ಗೇರಿನ ಬಳಗದ ಮರವೊಂದು ವಿಜ್ಞಾನಕ್ಕೆ ಪರಿಚಯವಾದದ್ದೇ 2000ದಲ್ಲಿ.

ವಾಚರ್ ನೆಲದಿಂದ ಒಂದು ಕಾಯಿ ಎತ್ತಿ ತೋರಿಸಿದರು. ಎರಡು ಹೋಳಾಗಿ ಬಿರಿದಿತ್ತು. ಒಳಗೆ ಕಂದು ಬೀಜ, ಅದರ ಮೇಲೆ ಬೆರಳುಗಳಿಂದ ಹಿಡಿದುಕೊಂಡ ಹಾಗೆ ಕೆಂಪು ಪತ್ರೆ, ಅಂದರೆ ಬೀಜದ ಹೊದಿಕೆ. ಮಗಳು ಪತ್ರೆಯನ್ನು ಉಗುರಿನಿಂದ ಬಿಡಿಸಿ ಬೆರಳಲ್ಲಿ ಉಜ್ಜಿದಳು. ಎಣ್ಣೆ ಜಿಡ್ಡು. ಆ ಜಿಡ್ಡೇ ಇಲ್ಲಿ ಕೂಲಿ. ಇಷ್ಟು ದಪ್ಪ ಬೀಜ ನುಂಗುವ ಬಾಯಿ ಕಾಡಿನಲ್ಲಿ ಕೆಲವರಿಗೆ ಮಾತ್ರ ಇದೆ. ಮಂಗಟ್ಟೆ ಹಕ್ಕಿಗಳು, ದೊಡ್ಡ ಕಾಡು ಪಾರಿವಾಳಗಳು. ಅವು ಇಡೀ ಬೀಜ ನುಂಗಿ, ಪತ್ರೆಯನ್ನು ಹೊಟ್ಟೆಯಲ್ಲಿ ಕಳಚಿಕೊಂಡು, ಬೀಜವನ್ನು ಬೇರೆಲ್ಲೋ ಉಗುಳುತ್ತವೆ. ತಾಯಿ ಮರದ ಬುಡದಲ್ಲೇ ರಾಶಿ ಬಿದ್ದ ಬೀಜವನ್ನು ಹುಳ, ಇಲಿ ಬಿಡುವುದಿಲ್ಲ. ದೂರ ಹೋದದ್ದಕ್ಕೆ ಬದುಕುವ ಅವಕಾಶ ಜಾಸ್ತಿ. ಈ ಬೀಜ ಒಣಗಿಸಿ ಇಟ್ಟರೆ ಹುಟ್ಟುವುದಿಲ್ಲ. ಹಸಿಯಾಗಿಯೇ ಒದ್ದೆ ನೆಲ ಸೇರಬೇಕು.

ಹಾಗೇ ನಿಂತಿದ್ದಾಗ ಮೇಲಿನಿಂದ ಸದ್ದು. ಯಾರೋ ದೊಡ್ಡ ಬೀಸಣಿಗೆ ಬೀಸಿದ ಹಾಗೆ, ಭುಸ್, ಭುಸ್. ದೊಡ್ಡ ಮಂಗಟ್ಟೆ. ಹಳದಿ ಕೊಕ್ಕು, ಅದರ ಮೇಲೊಂದು ಕಿರೀಟ. ವಾಚರ್ ಬೆರಳು ತುಟಿಗೆ ಇಟ್ಟುಕೊಂಡು ನಮ್ಮನ್ನು ದೂರದ ಪೊದೆಯ ಹಿಂದೆ ಕೂರಿಸಿದರು. ಎದುರಿನ ಹಳೇ ಮರದಲ್ಲಿ ಎತ್ತರಕ್ಕೆ ಒಂದು ಪೊಟರೆ. ಅದರ ಬಾಯಿ ಮುಚ್ಚಿ ಹೋಗಿತ್ತು, ಸೀಳಿನಷ್ಟು ಜಾಗ ಮಾತ್ರ. ಹೆಣ್ಣು ಹಕ್ಕಿ ಒಳಗೆ ಕೂತು ತನ್ನ ಹಿಕ್ಕೆಯಿಂದಲೇ ಬಾಗಿಲು ಗಿಲಾವು ಮಾಡಿಕೊಳ್ಳುತ್ತದೆ. ತಿಂಗಳುಗಟ್ಟಲೆ ಅಲ್ಲೇ. ಗಂಡು ಹೊರಗಿನಿಂದ ಊಟ ತಂದು ಕೊಡಬೇಕು. ಅದು ಕೊಂಬೆಯ ಮೇಲೆ ಕೂತು ಗಂಟಲಿನಿಂದ ಒಂದೊಂದೇ ಹಣ್ಣು ಮೇಲೆ ತಂದು, ಸೀಳಿನಲ್ಲಿ ಕಂಡ ಕೊಕ್ಕಿಗೆ ಇಟ್ಟಿತು. ಮಗಳು ಬೆರಳು ಮಡಚಿ ಎಣಿಸಿದಳು. ಹದಿನಾಲ್ಕು. ಬಹುಪಾಲು ಆಲ, ಬಸರಿಯ ಹಣ್ಣಿನ ಹಾಗೆ ಕಂಡವು.

ಮೊದಲ ದಿನದ ಕಣಜ ನನಗೆ ಆಗ ನೆನಪಾಯಿತು. ಆಲ, ಬಸರಿ, ಗೋಣಿ ಎಲ್ಲವೂ ಅತ್ತಿಯ ಒಕ್ಕಲೇ, ಒಳಗೆ ಹೂ ಬಿಡುವ ಮರಗಳೇ. ಅವುಗಳ ಹಣ್ಣಿನ ಹಿಂದೆಯೂ ಒಂದೊಂದು ಪುಟ್ಟ ಕಣಜ ಇದೆ. ಕಣಜ ಇಲ್ಲದೆ ಹಣ್ಣಿಲ್ಲ, ಹಣ್ಣಿಲ್ಲದೆ ಆ ಪೊಟರೆಯೊಳಗಿನ ತಾಯಿ ಮರಿಗೆ ಊಟ ಇಲ್ಲ, ಮಂಗಟ್ಟೆ ಇಲ್ಲದೆ ರಾಮಪತ್ರೆಯ ಬೀಜ ಹೊರುವವರಿಲ್ಲ.

ಹಕ್ಕಿ ಹಾರಿ ಹೋದ ಮೇಲೆ ವಾಚರ್ ಪಿಸುಮಾತಿನಲ್ಲಿ ಗೂಡಿನ ಕೆಳಗೆ ನೋಡಲು ಹೇಳಿದರು. ನಾವು ದುರ್ಬೀನಿನಲ್ಲಿ ನೋಡಿದೆವು. ಗೂಡಿನಿಂದ ಉಗುಳಿದ ಬೀಜಗಳು ಮೊಳೆತು ಅಲ್ಲಿ ಸಸಿಗಳ ಮಡಿಯೇ ಆಗಿತ್ತು. ರಾಮಪತ್ರೆಗೆ ಪೇಟೆಯಲ್ಲಿ ಒಳ್ಳೆಯ ರೇಟಿದೆ. ಬಲಿಯುವ ಮೊದಲೇ ಕೊಂಬೆ ಕಡಿದು ಕೊಯ್ಯುವುದು ಹಲವು ಕಡೆ ನಡೆಯುತ್ತದೆ. "ಹಕ್ಕಿಗೂ ಸಿಗೂದಿಲ್ಲ, ಕಾಡಿಗೂ ಸಿಗೂದಿಲ್ಲ" ಅಂದರು ವಾಚರ್. ಅವರ ದನಿಯಲ್ಲಿ ಸಿಟ್ಟಿತ್ತು. ನನಗೂ ಇದೆ.

ಸಂಜೆ ಗೇರುಸೊಪ್ಪೆ ದಾಟಿ, ಹೊನ್ನಾವರದಲ್ಲಿ ಚಹಾ ಕುಡಿದು, ಕತ್ತಲಾಗುವಾಗ ಮುರ್ಡೇಶ್ವರ ತಲುಪಿದೆವು.

ನಾಲ್ಕನೇ ದಿನ: ನೇತ್ರಾಣಿ

ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪ ಸುಮಾರು 19 ಕಿ.ಮೀ. ಬೋಟಿನಲ್ಲಿ ಒಂದೂವರೆ ಗಂಟೆ ಹಿಡಿಯಿತು. ದಡದ ದೊಡ್ಡ ಶಿವ ಸಣ್ಣಗಾಗುತ್ತಾ ಹೋಗಿ ಕೊನೆಗೆ ಮಂಜಿನಲ್ಲಿ ಮಾಯವಾದ. ಮಳೆಗಾಲದಲ್ಲಿ ಇಲ್ಲಿಗೆ ಬರುವ ಹಾಗಿಲ್ಲ. ಈಗ ನೀರು ತಿಳಿ.

ಲೈಫ್ ಜಾಕೆಟ್ ಹಾಕಿ, ಉಸಿರಾಡುವ ಕೊಳವೆ ಬಾಯಿಗೆ ಕಚ್ಚಿ, ಮುಖ ನೀರಿಗೆ ಇಟ್ಟೆವು. ಕೆಳಗೆ ಬಂಡೆ, ಬಂಡೆಯ ಮೇಲೆ ಹವಳ. ಹವಳ ಅಂದರೆ ಕಲ್ಲಲ್ಲ, ಸಾವಿರಾರು ಪುಟ್ಟ ಪ್ರಾಣಿಗಳ ಊರು. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಾಸ ಮಾಡುತ್ತದೆ. ಹವಳ ಅದಕ್ಕೆ ಜಾಗ ಮತ್ತು ಗೊಬ್ಬರ ಕೊಡುತ್ತದೆ. ಪಾಚಿ ಬಿಸಿಲಿನಿಂದ ಮಾಡಿದ ಸಕ್ಕರೆ ಕೊಡುತ್ತದೆ. ಹವಳದ ಊಟದ ದೊಡ್ಡ ಪಾಲು ಅದೇ. ಹವಳದ ಬಣ್ಣವೂ ಬಹುಪಾಲು ಪಾಚಿಯದೇ. ಅತ್ತೆ ತೋರಿಸಿದ ಅಡಿಕೆ ಮರದ ಮಚ್ಚೆಯಲ್ಲಿ ಕಂಡ ಸಂಸಾರವೇ ಇಲ್ಲಿ ಸಮುದ್ರದಲ್ಲಿ, ಬೇರೆ ಜೀವಗಳ ನಡುವೆ.

ಸ್ವಲ್ಪ ಹೊತ್ತಿನಲ್ಲಿ ಮಗಳು ನನ್ನ ತೋಳು ಎಳೆದಳು. ಬೆರಳುದ್ದದ ಒಂದು ಮೀನು. ನೀಲಿ ಮೈ, ಮೂತಿಯಿಂದ ಬಾಲದವರೆಗೆ ಕಪ್ಪು ಪಟ್ಟೆ. ಅದರ ಎದುರಿಗೆ ಅಂಗೈ ಅಗಲದ ಇನ್ನೊಂದು ಮೀನು ಅಲ್ಲಾಡದೆ ನಿಂತಿತ್ತು, ಬಾಯಿ ತೆರೆದು, ಕಿವಿರು ಅಗಲಿಸಿ. ಚಿಕ್ಕದು ಅದರ ಪಕ್ಕೆಯ ಮೇಲೆ ಓಡಾಡಿ ಏನನ್ನೋ ಕುಟುಕುತ್ತಿತ್ತು. ಕಿವಿರಿನೊಳಗೆ ಹೋಗಿ ಬಂತು. ಬಾಯೊಳಗೂ ಹೋಯಿತು. ದೊಡ್ಡದು ಬಾಯಿ ಮುಚ್ಚಲಿಲ್ಲ. ಮೈಮೇಲಿನ ಪರಾವಲಂಬಿ ಹುಳ ತೆಗೆಯುವ ಕಸುಬು ಈ ಚಿಕ್ಕ ಮೀನಿನದು. ಒಂದೇ ಜಾಗದಲ್ಲಿ ಅಂಗಡಿ ಇಟ್ಟ ಹಾಗೆ ಇರುತ್ತದೆ, ಗಿರಾಕಿಗಳು ಹುಡುಕಿಕೊಂಡು ಬರುತ್ತಾರೆ.

ಇದ್ದಕ್ಕಿದ್ದ ಹಾಗೆ ದೊಡ್ಡ ಮೀನು ಮೈ ಕೊಡವಿತು. ಚಿಕ್ಕದಕ್ಕೆ ಹುಳಕ್ಕಿಂತ ಗಿರಾಕಿಯ ಮೈಮೇಲಿನ ಲೋಳೆ ಜಾಸ್ತಿ ಇಷ್ಟ. ಆಗಾಗ ಒಂದು ಬಾಯಿ ಕದಿಯುತ್ತದೆ. ಹಾಗೆ ಮಾಡಿದರೆ ಗಿರಾಕಿ ಬೆನ್ನಟ್ಟುತ್ತದೆ, ಇಲ್ಲ ಬೇರೆ ಅಂಗಡಿಗೆ ಹೋಗುತ್ತದೆ. ಬೇರೆ ಮೀನುಗಳು ನೋಡುತ್ತಿರುವಾಗ ಈ ಚಿಕ್ಕ ಮೀನು ಮೋಸ ಕಡಿಮೆ ಮಾಡುತ್ತದೆ ಅನ್ನುವುದನ್ನು ಪ್ರಯೋಗ ಮಾಡಿಯೇ ಕಂಡುಕೊಂಡಿದ್ದಾರೆ. ಬೋಟು ಹತ್ತಿದ ಕೂಡಲೇ ಮಗಳು ಅದನ್ನೇ ಹಿಡಿದಳು. "ಹಾಗಾದ್ರೆ ಇವೆಲ್ಲಾ ಫ್ರೆಂಡ್ಸ್ ಅಲ್ವಾ ಅಪ್ಪ? ಬರೀ ವ್ಯಾಪಾರನಾ?"

ನಾನು ತಕ್ಷಣ ಉತ್ತರ ಕೊಡಲಿಲ್ಲ. ಪ್ರತಿಯೊಂದೂ ತನ್ನ ಹೊಟ್ಟೆಗೇ ದುಡಿಯುತ್ತಿದೆ, ಅದು ನಿಜ. ಹಾಗೆ ದುಡಿಯುತ್ತಲೇ ಇನ್ನೊಂದರ ಮನೆಯನ್ನೂ ನಡೆಸುತ್ತಿದೆ, ಅದೂ ನಿಜ. ಇಷ್ಟನ್ನೇ ಹೇಳಿದೆ. ಅವಳು ಒಪ್ಪಿದಳೋ ಇಲ್ಲವೋ ಗೊತ್ತಿಲ್ಲ.

ವಾಪಸ್ ಬರುವಾಗ ನನ್ನ ತಲೆಯಲ್ಲಿ ಹವಳವೇ ಇತ್ತು. ಬೇಸಿಗೆಯ ಮಾಮೂಲು ಬಿಸಿಗಿಂತ ಸಮುದ್ರದ ನೀರು ಒಂದು ಡಿಗ್ರಿ ಜಾಸ್ತಿಯಾಗಿ ಕೆಲವು ವಾರ ಹಾಗೇ ಉಳಿದರೆ ಹವಳ ತನ್ನ ಪಾಚಿಯನ್ನು ಹೊರಗೆ ಹಾಕುತ್ತದೆ. ಬಿಳುಚಿಕೊಳ್ಳುತ್ತದೆ. ನೀರು ಬೇಗ ತಣಿದರೆ ಮತ್ತೆ ಕೂಡಿಕೊಳ್ಳಬಹುದು. ಇಲ್ಲದಿದ್ದರೆ ಹಸಿವಿನಿಂದ ಸಾಯುತ್ತದೆ. ಪ್ರಪಂಚದ ಸಮುದ್ರಗಳಲ್ಲಿ ನಾಲ್ಕನೇ ಸಲ ಹವಳ ಬಿಳುಚುತ್ತಿದೆ ಎಂದು ವಿಜ್ಞಾನಿಗಳು ಸಾರಿದ್ದು 2024ರ ಏಪ್ರಿಲ್‌ನಲ್ಲಿ. ಇಲ್ಲಿ ಕಡ್ಡಿ ಹಿಡಿದು ಕೂಡಿಸುವ ಎಡ್ಮಂಡ್ ಯಾರೂ ಇಲ್ಲ.

ರಾತ್ರಿ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದಾಗ ಮಾವನ ಫೋನ್ ಬಂತು. ನನ್ನ ಹತ್ತಿರ ಮಾತಾಡಲಿಲ್ಲ, ಕೂಸಿಗೆ ಕೊಡು ಅಂದರು. ಮಗಳು ಸ್ಪೀಕರ್ ಹಾಕಿದಳು.

"ಕೂಸೇ, ನಿನ್ನ ಕೆಂಪು ದಾರ ಎಲ್ಲ ನೋಡಿ ಬಂದೆ. ಎರಡು ಉದುರಿದ್ದು. ಒಂಬತ್ತು ನಿಂತಿದ್ದು."

"ಕೋಡು ಯಾವಾಗ ಆಗುತ್ತೆ ಅಜ್ಜ?"

"ಒಂಬತ್ತು ತಿಂಗಳು ಬೇಕು. ಸಂಕ್ರಾಂತಿಗೆ ಬಾ."